ಮನಸ್ಸು ಏಳದ ದಿನ: ಸೋಣನ ವೀಣೆ, ಸೋಣನ ಚಪ್ಪಲಿ

🪷 *ಇಂದಿನ ಧಮ್ಮ ಚಿಂತನೆ* 🪷

ಕಳೆದ ತಿಂಗಳು ಒಂದು ರಾತ್ರಿ, ಹನ್ನೊಂದು ಗಂಟೆ ದಾಟಿದ ಮೇಲೆ, ನಮ್ಮ ಬಳಗದ ಒಬ್ಬ ತಮ್ಮ ನನಗೆ ಮೆಸೇಜ್ ಹಾಕಿದ.

"ಅಣ್ಣಾ ಜೈಭೀಮ್. ಪುಸ್ತಕ ಮುಟ್ಟಿ ಇಪ್ಪತ್ತು ದಿನ ಆಯ್ತು. ಓದ್ಬೇಕು ಅಂತ ಗೊತ್ತು, ಆದ್ರೆ ಮನಸ್ಸೇ ಬರ್ತಿಲ್ಲ. ಅಪ್ಪ ಬೆಳಗ್ಗೆ ಐದಕ್ಕೆ ಪೊರಕೆ ಹಿಡ್ಕೊಂಡು ಕೆಲ್ಸಕ್ಕೆ ಹೋಗ್ತಾರೆ. ನಾನು ಎಂಟಕ್ಕೆ ಎದ್ದು ಹಾಸಿಗೇಲೇ ಮೊಬೈಲ್ ನೋಡ್ತಾ ಇರ್ತೀನಿ. ಅವರ ಮುಖ ನೋಡೋಕೆ ಆಗ್ತಿಲ್ಲ. ನಾನೊಬ್ಬ ಸೋಮಾರಿ, ಅಷ್ಟೆ."

ಈ ಹುಡುಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ಎರಡು ಸಲ ಸ್ವಲ್ಪದರಲ್ಲೇ ತಪ್ಪಿಹೋಗಿದೆ. ಹೆಸರು ಹೇಳದೆ ಇದನ್ನು ಹಂಚಿಕೊಳ್ಳಲು ಅವನೇ ಒಪ್ಪಿದ, "ನನ್ನಂಥವರು ಇನ್ನೂ ಇರ್ತಾರೆ ಅಣ್ಣಾ" ಎಂದ.

ಇದ್ದಾರೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ರಾತ್ರಿ ಏಳಕ್ಕೆ ಮನೆಗೆ ಬಂದು, ತೊಳೆಯದ ಪಾತ್ರೆಗಳ ಮುಂದೆ ಸುಮ್ಮನೆ ಕೂತುಬಿಡುವ ಅಕ್ಕ ಇದ್ದಾರೆ. ನಿವೃತ್ತಿಯಾದ ಮೇಲೆ ಯಾಕೆ ಎದ್ದೇಳಬೇಕು ಎಂದೇ ತಿಳಿಯದ ಹಿರಿಯರಿದ್ದಾರೆ. ನಾನೂ ಇದ್ದೇನೆ. ಅಮ್ಮ ತೀರಿಕೊಂಡ ವರ್ಷ ಐದಾರು ತಿಂಗಳು ನಾನು ಭಾನುವಾರದ ವಂದನೆಗೂ ಬರಲಿಲ್ಲ. ಕೇಳಿದವರಿಗೆಲ್ಲ "ಆಫೀಸ್ ಕೆಲಸ ಜಾಸ್ತಿ" ಎಂದು ಸುಳ್ಳು ಹೇಳಿದ್ದೆ.

ಹಾಗಾಗಿ ಇಂದು ಉತ್ಸಾಹ ಇಲ್ಲದ ದಿನಗಳ ಬಗ್ಗೆ ಧಮ್ಮ ಏನು ಹೇಳುತ್ತದೆ ಎಂದು ನೋಡೋಣ. ಸ್ವಲ್ಪ ದೀರ್ಘವಾಗಿದೆ, ಬಿಡುವಾದಾಗ ಓದಿ.

*1. ಮೊದಲು 'ಸೋಮಾರಿ' ಪದವನ್ನು ಕೆಳಗಿಡೋಣ*

ಊರಿನ ಹೊಲ ಉತ್ತವರು, ಸತ್ತ ದನ ಹೊತ್ತವರು, ಬಿಟ್ಟಿ ಚಾಕರಿ ಮಾಡಿದವರು ನಮ್ಮ ಅಜ್ಜ ಅಜ್ಜಿಯರು. ಕೂತು ಉಂಡವರು ಬೇರೆಯವರು. ಆದರೂ 'ಸೋಮಾರಿಗಳು' ಎಂಬ ಪದ ಅಂಟಿದ್ದು ನಮ್ಮವರಿಗೆ. ಇಂದಿಗೂ ಕಾಲೇಜಿನಲ್ಲಿ, ಆಫೀಸಿನಲ್ಲಿ "ನಿಮಗೇನು ಬಿಡಿ, ಮೀಸಲಾತಿ ಇದೆ, ಕಷ್ಟಪಡೋ ಅಗತ್ಯ ಇಲ್ಲ" ಎನ್ನುವ ಮಾತು ಕೇಳುತ್ತಲೇ ಇದ್ದೇವೆ. ಇನ್ನೊಬ್ಬರು ಎಸೆದ ಈ ಕಲ್ಲನ್ನು ಎತ್ತಿಕೊಂಡು ನಮ್ಮ ತಲೆಗೆ ನಾವೇ ಹೊಡೆದುಕೊಳ್ಳುವುದು ಬೇಡ.

ಬುದ್ಧರು ಇದಕ್ಕೆ ಬೇರೆ ಹೆಸರು ಕೊಟ್ಟರು: *ಥೀನಮಿದ್ಧ*. ಥೀನ ಎಂದರೆ ಮನಸ್ಸು ಮುದುಡಿಕೊಳ್ಳುವುದು. ಮಿದ್ಧ ಎಂದರೆ ಜಡತೆ, ಮಂಪರು. ಐದು ನೀವರಣಗಳಲ್ಲಿ ಇದು ಮೂರನೆಯದು. ನೀವರಣ ಎಂದರೆ ಅಡ್ಡಿ, ಮೇಲೆ ಕವಿದ ಮುಸುಕು. ಸಂಯುತ್ತ ನಿಕಾಯದಲ್ಲಿ ಇದಕ್ಕೊಂದು ಹೋಲಿಕೆ ಇದೆ. ಥೀನಮಿದ್ಧ ಕವಿದ ಮನಸ್ಸು ಪಾಚಿ ಮುಚ್ಚಿದ ನೀರಿನಂತೆ, ಇಣುಕಿ ನೋಡಿದರೆ ನಮ್ಮ ಮುಖ ನಮಗೇ ಕಾಣುವುದಿಲ್ಲ. ಆದರೆ ನೀರು ಎಲ್ಲಿಗೂ ಹೋಗಿಲ್ಲ, ಪಾಚಿಯ ಕೆಳಗೇ ಇದೆ.

'ನಾನು ಸೋಮಾರಿ' ಎಂದರೆ ಅದು ಹುಟ್ಟುಗುಣ ಎಂದು ತೀರ್ಪು ಕೊಟ್ಟ ಹಾಗೆ. ಹುಟ್ಟಿನಿಂದಲೇ ಒಬ್ಬರ ಗುಣ ತೀರ್ಮಾನವಾಗುತ್ತದೆ ಎನ್ನುವುದನ್ನೇ ಅಲ್ಲವೇ ನಾವು ತೊರೆದು ಬಂದದ್ದು? 'ಇಂದು ನನ್ನ ಮೇಲೆ ಥೀನಮಿದ್ಧ ಕವಿದಿದೆ' ಎಂದರೆ ಅದಕ್ಕೊಂದು ಕಾರಣ ಇರಬೇಕು, ಕಾರಣ ತೆಗೆದರೆ ಅದು ಸರಿಯುತ್ತದೆ ಎಂದಾಯಿತು. ಇದರಲ್ಲಿ ಹಣೆಬರಹವೂ ಇಲ್ಲ, ಹಿಂದಿನ ಜನ್ಮದ ಪಾಪವೂ ಇಲ್ಲ.

*2. ಸೋಣನ ಕಥೆ*

ವಿನಯ ಪಿಟಕದ ಮಹಾವಗ್ಗದಲ್ಲೂ ಅಂಗುತ್ತರ ನಿಕಾಯದಲ್ಲೂ ಬರುವ ಕಥೆ ಇದು. ವೀಣೆಯ ಭಾಗ ಹೆಚ್ಚಿನವರು ಕೇಳಿದ್ದೀರಿ. ಅದರ ಮುಂದಿನ ಭಾಗವನ್ನು ಹೇಳುವವರು ಕಡಿಮೆ.

ಸೋಣ ಕೋಳಿವಿಸ ಎಂಬುವನು ಚಂಪಾ ನಗರದ ದೊಡ್ಡ ಶ್ರೀಮಂತರ ಮಗ. ನೆಲಕ್ಕೆ ಕಾಲಿಡದಂತೆ ಬೆಳೆದವನು, ಅಂಗಾಲಿನಲ್ಲಿ ಕೂದಲು ಬೆಳೆದಿತ್ತು ಎನ್ನುವಷ್ಟು ಮೆತ್ತಗಿನ ಪಾದ. ಅವನು ಭಿಕ್ಖುವಾಗಿ ರಾಜಗೃಹದ ಹತ್ತಿರ ಸೀತವನದಲ್ಲಿ ಸಾಧನೆಗೆ ನಿಂತ. ನಡೆಯುತ್ತಾ ಧ್ಯಾನ ಮಾಡುವ ಚಂಕಮಣದಲ್ಲಿ ಎಷ್ಟು ಹಟ ಹಿಡಿದನೆಂದರೆ ಪಾದ ಒಡೆದು ನಡೆಯುವ ದಾರಿಯೆಲ್ಲ ರಕ್ತವಾಯಿತು. ಇಷ್ಟಾದರೂ ಮನಸ್ಸಿಗೆ ಬಿಡುಗಡೆ ಸಿಗಲಿಲ್ಲ. ಆಗ ಅವನಿಗೆ ಬೇಸರ ಬಂತು. ಇಷ್ಟು ಕಷ್ಟಪಟ್ಟರೂ ಆಗಲಿಲ್ಲ, ಮನೆಯಲ್ಲಿ ಬೇಕಾದಷ್ಟು ಸಂಪತ್ತಿದೆ, ಹಿಂದಿರುಗಿ ಹೋಗಿ ದಾನ ಮಾಡಿಕೊಂಡು ಇರೋಣ ಎಂದುಕೊಂಡ.

ಗಮನಿಸಿ, ಸೋಣ ಸೋತದ್ದು ಪ್ರಯತ್ನ ಕಡಿಮೆಯಾಗಿ ಅಲ್ಲ, ಮಿತಿ ಮೀರಿ. ನಮ್ಮ ತಮ್ಮನೂ ಎರಡನೇ ಪರೀಕ್ಷೆಗೆ ಮುಂಚೆ ದಿನಕ್ಕೆ ಹದಿನಾಲ್ಕು ಗಂಟೆ ಓದಿದ್ದನಂತೆ. ಅತಿ ಬಿಗಿದ ತಂತಿ ಒಂದು ದಿನ ಕಿತ್ತುಹೋಗುತ್ತದೆ. ಕಿತ್ತ ಮೇಲೆ ಜೋತಾಡುವ ತಂತಿಯನ್ನು ನೋಡಿ ಜನ ಸೋಮಾರಿತನ ಎನ್ನುತ್ತಾರೆ.

ಬುದ್ಧರು ಸೋಣನ ಬಳಿಗೆ ತಾವೇ ಬಂದರು. ಗದರಲಿಲ್ಲ. ಅವನಿಗೆ ಗೊತ್ತಿದ್ದ ವಿಷಯವನ್ನೇ ಎತ್ತಿಕೊಂಡರು. ನೀನು ಮನೆಯಲ್ಲಿದ್ದಾಗ ವೀಣೆ ಚೆನ್ನಾಗಿ ನುಡಿಸುತ್ತಿದ್ದೆಯಲ್ಲವೇ, ತಂತಿ ಅತಿ ಬಿಗಿಯಾದಾಗ ನುಡಿಯುತ್ತಿತ್ತೇ, ಅತಿ ಸಡಿಲವಾದಾಗ ನುಡಿಯುತ್ತಿತ್ತೇ ಎಂದು ಕೇಳಿದರು. ಇಲ್ಲ ಎಂದ ಸೋಣ. ವಿರಿಯವೂ ಹಾಗೆಯೇ ಎಂದು ತಿಳಿಸಿದರು. ಅತಿಯಾದರೆ ಮನಸ್ಸು ಕದಡುತ್ತದೆ, ಕಡಿಮೆಯಾದರೆ ಜಡವಾಗುತ್ತದೆ, ಆದ್ದರಿಂದ ಹದ ನೋಡಿಕೋ ಎಂದರು. ಸೋಣ ಹಾಗೆಯೇ ನಡೆದು ಅರಹಂತನಾದ.

ಮುಂದಿನ ಭಾಗ ಇದು. ನಂತರ ಬುದ್ಧರು ಸೋಣನಿಗೆ, ನಿನ್ನ ಪಾದ ಮೃದು, ನೀನು ಒಂದು ಪದರದ ಚಪ್ಪಲಿ ಹಾಕಿಕೊಳ್ಳಬಹುದು ಎಂದು ಅನುಮತಿ ಕೊಟ್ಟರು. ಸೋಣ ಒಪ್ಪಲಿಲ್ಲ. ನಾನು ಎಂಬತ್ತು ಗಾಡಿ ಚಿನ್ನ ಬಿಟ್ಟು ಬಂದವನು, ಈಗ ಒಂದು ಜೊತೆ ಚಪ್ಪಲಿಗೆ ಅಂಟಿಕೊಂಡ ಎಂದು ಜನ ಆಡಿಕೊಳ್ಳುತ್ತಾರೆ, ಇಡೀ ಸಂಘಕ್ಕೆ ಅನುಮತಿ ಕೊಟ್ಟರೆ ನಾನೂ ಹಾಕಿಕೊಳ್ಳುತ್ತೇನೆ ಎಂದ. ಬುದ್ಧರು ಇಡೀ ಸಂಘಕ್ಕೆ ಅನುಮತಿ ಕೊಟ್ಟರು.

ಬಂಧುಗಳೇ, ನಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರು ಚಪ್ಪಲಿ ಹೊಲಿದವರು. ಎಷ್ಟೋ ಹಿರಿಯರು ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆದವರು. ಒಂದು ಜೊತೆ ಚಪ್ಪಲಿಯ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಕಥೆಯಲ್ಲಿ ಬುದ್ಧರು ಮನಸ್ಸಿಗೆ ವೀಣೆಯ ಪಾಠ ಕೊಟ್ಟರು, ಕಾಲಿಗೆ ಚಪ್ಪಲಿಯನ್ನೂ ಕೊಟ್ಟರು. ಪಾದದಲ್ಲಿ ರಕ್ತ ಸುರಿಯುವವನಿಗೆ 'ಮನಸ್ಸು ಗಟ್ಟಿ ಮಾಡಿಕೋ' ಎಂದಷ್ಟೇ ಹೇಳಿ ಹೋಗಲಿಲ್ಲ.

*3. ನಿಮ್ಮ ಚಪ್ಪಲಿ ಯಾವುದು?*

ಆದ್ದರಿಂದ ಮನಸ್ಸು ಏಳದ ದಿನ ಮೊದಲು ಪಾದ ನೋಡಿಕೊಳ್ಳಿ. ನಿದ್ದೆ ಎಷ್ಟು ಗಂಟೆ ಆಗುತ್ತಿದೆ? ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ? ನೈಟ್ ಶಿಫ್ಟ್ ಇದೆಯೇ? ಸಾಲದ ಕಂತಿನ ಚಿಂತೆಯೇ? ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ವಿಟಮಿನ್ ಬಿ 12 ಕೊರತೆ, ಇವೆಲ್ಲ ಮನುಷ್ಯನನ್ನು ಸುಸ್ತು ಮಾಡಿ ಕೂರಿಸುತ್ತವೆ. ನಾನು ಹೇಳಿದ ಗಾರ್ಮೆಂಟ್ಸ್ ಅಕ್ಕ ತನಗೆ "ಮನೆ ಕೆಲಸದಲ್ಲಿ ಆಸಕ್ತಿ ಹೋಗಿದೆ" ಎಂದುಕೊಂಡಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ರಕ್ತ ಬಹಳ ಕಡಿಮೆ ಇತ್ತು. ಅವರಿಗೆ ಬೇಕಿದ್ದದ್ದು ಕಬ್ಬಿಣದ ಮಾತ್ರೆ, ಮನೆಯಲ್ಲಿ ಪಾತ್ರೆ ತೊಳೆಯಲು ಇನ್ನೊಂದು ಜೊತೆ ಕೈ. ಈಗ ಮಗ ತೊಳೆಯುತ್ತಾನೆ.

ಇನ್ನೊಂದು ಕಾರಣವನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ: ಅವಮಾನ. ಮೇಲಧಿಕಾರಿ ಎಲ್ಲರ ಮುಂದೆ ಆಡಿದ ಮಾತು, ಬಾಡಿಗೆ ಮನೆ ಕೇಳಲು ಹೋದಾಗ ಜಾತಿ ತಿಳಿದು ಬದಲಾದ ಮುಖ, ಹಾಸ್ಟೆಲ್ ರೂಮಿನ ಪಿಸುಮಾತು. ಇವು ಮೈಯೊಳಗೆ ಮುಳ್ಳಿನಂತೆ ಕೂತು ಶಕ್ತಿ ಹೀರುತ್ತವೆ. ದುಃಖದ ಬೇರು ನಮ್ಮ ಮನಸ್ಸಿನಲ್ಲಿ ಮಾತ್ರ ಇಲ್ಲ, ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯದಲ್ಲೂ ಇದೆ ಎಂದು ಬಾಬಾಸಾಹೇಬರು ಧಮ್ಮವನ್ನು ಓದಿದರು. ಹಾಗಿರುವಾಗ ಅಂಥ ಮುಳ್ಳನ್ನು ಒಬ್ಬರೇ ಕಣ್ಣುಮುಚ್ಚಿ ಕೂತು ಕರಗಿಸಬೇಕಿಲ್ಲ. ನಂಬಿದವರಲ್ಲಿ ಹೇಳಿಕೊಳ್ಳಬೇಕು, ದೂರು ಕೊಡಬೇಕಾದ್ದನ್ನು ಬರೆದು ಕೊಡಬೇಕು, ಜೊತೆಗೆ ನಾಲ್ಕು ಜನ ನಿಲ್ಲಬೇಕು.

*4. ಒಂದೇ ಸ್ಥಿತಿ, ಎರಡು ಮಾತು*

ಪಾದ ನೋಡಿಕೊಂಡಾಯಿತು. ನಿದ್ದೆ ಸರಿ ಇದೆ, ಮೈ ಸರಿ ಇದೆ, ಆದರೂ ಮನಸ್ಸು ಏಳುತ್ತಿಲ್ಲ. ಆಗ?

ಅಂಗುತ್ತರ ನಿಕಾಯದ ಎಂಟರ ವಿಭಾಗದಲ್ಲಿ ಒಂದು ಸುತ್ತ ಇದೆ. ಆಲಸ್ಯಕ್ಕೆ ನಾವು ಕೊಟ್ಟುಕೊಳ್ಳುವ ಎಂಟು ನೆಪಗಳನ್ನು ಬುದ್ಧರು ಪಟ್ಟಿ ಮಾಡುತ್ತಾರೆ. ಓದಿದರೆ ನಮ್ಮ ಮನೆಯಲ್ಲಿ ಕೂತು ಕೇಳಿಸಿಕೊಂಡು ಹೇಳಿದ ಹಾಗಿದೆ. ಕೆಲಸ ಮಾಡುವುದಿದೆ, ಕೆಲಸ ಮುಗಿದಿದೆ, ಪ್ರಯಾಣ ಹೋಗುವುದಿದೆ, ಪ್ರಯಾಣ ಮಾಡಿ ಬಂದಿದ್ದೇನೆ, ಊಟ ಸಾಲಲಿಲ್ಲ, ಊಟ ಹೆಚ್ಚಾಯಿತು, ಸ್ವಲ್ಪ ಹುಷಾರಿಲ್ಲ, ಈಗಷ್ಟೇ ಹುಷಾರಾಗಿದ್ದೇನೆ. ಎಂಟಕ್ಕೂ ಕೊನೆ ಒಂದೇ: ಆದ್ದರಿಂದ ಮಲಗುತ್ತೇನೆ.

ವಿಶೇಷ ಏನೆಂದರೆ, ನಂತರ ಬುದ್ಧರು ಪ್ರಯತ್ನಕ್ಕೆ ಎಂಟು ಕಾರಣ ಕೊಡುತ್ತಾರೆ. ಅವೂ ಹೆಚ್ಚುಕಡಿಮೆ ಇವೇ ಸ್ಥಿತಿಗಳು, ಬದಲಾಗುವುದು ನಾವು ನಮಗೆ ಹೇಳಿಕೊಳ್ಳುವ ಮಾತು. ನಮ್ಮ ಭಾಷೆಯಲ್ಲಿ ಹೀಗೆ ಇಟ್ಟುಕೊಳ್ಳಬಹುದು:

🔹 ನಾಳೆ ಊರಿಗೆ ಹೋಗುವುದಿದೆ. ಒಂದು ಮಾತು: "ಹೇಗೂ ನಾಳೆ ಸುಸ್ತಾಗುತ್ತೆ, ಇವತ್ತು ಬಿಡೋಣ." ಇನ್ನೊಂದು ಮಾತು: "ಬಸ್ಸಿನಲ್ಲಿ ಓದೋಕೆ ಆಗಲ್ಲ, ಇವತ್ತೇ ಎರಡು ಪುಟ ಓದಿಬಿಡೋಣ."

🔹 ಕೆಲಸ ಮುಗಿಸಿ ಬಂದಿದ್ದೇನೆ. ಒಂದು ಮಾತು: "ಇಡೀ ದಿನ ದುಡಿದಿದ್ದೀನಿ, ಇನ್ನೇನೂ ಬೇಡ." ಇನ್ನೊಂದು ಮಾತು: "ಇಡೀ ದಿನ ಬೇರೆಯವರಿಗೆ ದುಡಿದೆ, ಹತ್ತು ನಿಮಿಷ ನನಗೆ ಇರಲಿ."

🔹 ಜ್ವರ ಬಿಟ್ಟಿದೆ. ಒಂದು ಮಾತು: "ಈಗಷ್ಟೇ ಎದ್ದಿದ್ದೀನಿ, ಇನ್ನೊಂದು ವಾರ ಹೀಗೇ ಇರಲಿ." ಇನ್ನೊಂದು ಮಾತು: "ಎದ್ದಿದ್ದೀನಲ್ಲ, ನಿಧಾನವಾಗಿ ಶುರು ಮಾಡೋಣ."

ಪರಿಪೂರ್ಣವಾದ ದಿನ ಎಂಬುದು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಎಲ್ಲ ಸರಿಹೋದ ಮೇಲೆ, ಮನಸ್ಸು ಬಂದ ಮೇಲೆ ಶುರು ಮಾಡುತ್ತೇನೆ ಎಂದು ಕೂತರೆ ಆ ದಿನ ಬರುವುದಿಲ್ಲ.

ಒಂದು ಎಚ್ಚರಿಕೆ. ಈ ಸುತ್ತ ಹೇಳಿದ್ದು ಭಿಕ್ಖುಗಳಿಗೆ. ಹಸಿದವರಿಗೆ, ದುಡಿದು ಸೋತವರಿಗೆ 'ಇದು ನಿನ್ನ ನೆಪ' ಎಂದು ಬೆರಳು ತೋರಿಸಲು ಇದನ್ನು ಬಳಸಬಾರದು. ಧಮ್ಮಪದದ ಅಟ್ಠಕಥೆಯಲ್ಲಿ ಆಳವಿ ಊರಿನ ಬಡ ರೈತನ ಕಥೆ ಇದೆ. ತಪ್ಪಿಸಿಕೊಂಡ ಎತ್ತನ್ನು ಹುಡುಕಿ ಹುಡುಕಿ ಅವನು ಹಸಿದು ಬಂದಾಗ ಬುದ್ಧರು ಅವನಿಗೋಸ್ಕರ ಕಾದರು, ಮೊದಲು ಊಟ ಹಾಕಿಸಿದರು, ಆಮೇಲೆ ಧಮ್ಮ ಹೇಳಿದರು. ಇನ್ನೊಬ್ಬರಿಗೆ ಊಟ ಮೊದಲು, ಉಪದೇಶ ಆಮೇಲೆ. ಎಂಟು ನೆಪಗಳ ಪಟ್ಟಿಯನ್ನು ನಮ್ಮ ನಮ್ಮ ಮನಸ್ಸಿಗೆ ಮಾತ್ರ ಹಿಡಿಯೋಣ.

*5. ಮೂರು ಧಾತುಗಳು: ಆರಂಭ, ನಿಕ್ಕಮ, ಪರಕ್ಕಮ*

ಥೀನಮಿದ್ಧ ಯಾವುದನ್ನು ತಿಂದು ಬೆಳೆಯುತ್ತದೆ, ಯಾವುದರಿಂದ ಸೊರಗುತ್ತದೆ ಎಂದು ಸಂಯುತ್ತ ನಿಕಾಯದಲ್ಲಿ ಬುದ್ಧರು ವಿವರಿಸುತ್ತಾರೆ. ಬೇಸರ, ಮೈಮುರಿತ, ಊಟದ ಮಂಪರು, ಮನಸ್ಸಿನ ಮುದುಡು, ಇವು ಅದರ ಆಹಾರ. ಅದನ್ನು ಸೊರಗಿಸುವವು ಮೂರು: *ಆರಂಭ ಧಾತು, ನಿಕ್ಕಮ ಧಾತು, ಪರಕ್ಕಮ ಧಾತು*. ಶುರು ಮಾಡುವುದು, ಇದ್ದಲ್ಲಿಂದ ಹೊರಗೆ ಹೆಜ್ಜೆ ಇಡುವುದು, ಮುಂದುವರಿಸುವುದು.

ಈ ಪಟ್ಟಿಯಲ್ಲಿ 'ಉತ್ಸಾಹ ಬರುವವರೆಗೆ ಕಾಯುವುದು' ಇಲ್ಲ. ಮೊದಲ ಔಷಧಿಯೇ ಆರಂಭ. ನಾವು ಮನಸ್ಸು ಬಂದರೆ ಕೆಲಸ ಎಂದುಕೊಂಡಿದ್ದೇವೆ. ಧಮ್ಮ ಹೇಳುವುದು ಕೆಲಸಕ್ಕೆ ಕೈ ಹಾಕಿದರೆ ಮನಸ್ಸು ಹಿಂದೆ ಬರುತ್ತದೆ ಎಂದು. ಇಂದು ಖಿನ್ನತೆಗೆ ಚಿಕಿತ್ಸೆ ಕೊಡುವವರು ಬಳಸುವ ಬಿಹೇವಿಯರಲ್ ಆ್ಯಕ್ಟಿವೇಶನ್ ಎಂಬ ವಿಧಾನದ ತಿರುಳೂ ಇದೇ: ಮನಸ್ಥಿತಿ ಸುಧಾರಿಸಲಿ ಎಂದು ಕಾಯದೆ ಸಣ್ಣ ಚಟುವಟಿಕೆಯಿಂದ ಶುರು ಮಾಡುವುದು.

*ಆರಂಭ.* ಬೇಡ ಎನ್ನಲಾಗದಷ್ಟು ಚಿಕ್ಕದನ್ನು ಹಿಡಿಯಿರಿ. 'ಇಂದಿನಿಂದ ಎಂಟು ಗಂಟೆ ಓದುತ್ತೇನೆ' ಎನ್ನಬೇಡಿ, ಪುಸ್ತಕ ತೆರೆದು ಒಂದು ಪ್ಯಾರಾ ಓದಿ. ಅಡುಗೆಮನೆ ಪೂರ್ತಿ ಅಲ್ಲ, ಒಂದು ಪಾತ್ರೆ ತೊಳೆಯಿರಿ. ಅರ್ಧ ಗಂಟೆ ಆನಾಪಾನಸತಿ ಅಲ್ಲ, ಹತ್ತು ಉಸಿರು ಗಮನಿಸಿ. ಅಷ್ಟಕ್ಕೇ ನಿಂತರೂ ಇಂದಿನ ಲೆಕ್ಕಕ್ಕೆ ಸಾಕು.

*ನಿಕ್ಕಮ.* ಜಡತೆ ಹಿಡಿದ ಜಾಗದಿಂದ ಮೈಯನ್ನು ಎಬ್ಬಿಸಿ. ಮಹಾಮೊಗ್ಗಲ್ಲಾನರಂಥ ಮಹಾನ್ ಶಿಷ್ಯರೂ ಸಾಧನೆಯ ಮೊದಲ ದಿನಗಳಲ್ಲಿ ತೂಕಡಿಸುತ್ತಾ ಕೂತಿದ್ದರು ಎಂದು ಅಂಗುತ್ತರ ನಿಕಾಯದಲ್ಲಿದೆ. ಬುದ್ಧರು ಅವರಿಗೆ ಒಂದೊಂದಾಗಿ ಉಪಾಯ ಹೇಳಿದರು. ತೂಕಡಿಕೆ ತರುವ ಯೋಚನೆಯನ್ನು ಬಿಡು. ಕೇಳಿದ ಧಮ್ಮವನ್ನು ನೆನೆ. ಗಟ್ಟಿಯಾಗಿ ಪಠಿಸು. ಕಿವಿ ಎಳೆದುಕೋ, ಕೈಕಾಲು ಉಜ್ಜಿಕೋ. ಎದ್ದು ಕಣ್ಣಿಗೆ ನೀರು ಹಾಕಿಕೊಂಡು ಆಕಾಶದ ನಕ್ಷತ್ರ ನೋಡು. ಮನಸ್ಸಿನಲ್ಲಿ ಬೆಳಕನ್ನು ತಂದುಕೋ. ಎದ್ದು ನಡೆದಾಡು. ಇದೆಲ್ಲ ಮಾಡಿದರೂ ಹೋಗದಿದ್ದರೆ ಏನು ಮಾಡಬೇಕು ಎಂದರು ಗೊತ್ತೇ? ಬಲಮಗ್ಗುಲಾಗಿ ಮಲಗು, ಏಳುವ ಹೊತ್ತನ್ನು ಮನಸ್ಸಿನಲ್ಲಿಟ್ಟುಕೋ, ಎಚ್ಚರವಾದ ಕೂಡಲೇ ಏಳು ಎಂದರು. ನಿದ್ದೆ ಬೇಕಾದವನಿಗೆ ನಿದ್ದೆಯೇ ಔಷಧಿ, ಅದರಲ್ಲಿ ನಾಚಿಕೆ ಇಲ್ಲ. ಆದರೆ ರೀಲ್ಸ್ ನೋಡುತ್ತಾ ಅರ್ಧ ನಿದ್ದೆ, ಅರ್ಧ ಎಚ್ಚರ ಇರುವುದು ನಿದ್ದೆಯೂ ಅಲ್ಲ, ವಿಶ್ರಾಂತಿಯೂ ಅಲ್ಲ. ರಾತ್ರಿ ಮೊಬೈಲನ್ನು ಹಾಸಿಗೆಯಿಂದ ದೂರ, ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ.

*ಪರಕ್ಕಮ.* ಮುಂದುವರಿಯಲು ಜೊತೆ ಬೇಕು. ಒಳ್ಳೆಯ ಗೆಳೆತನ ಈ ಮಾರ್ಗದಲ್ಲಿ ಅರ್ಧ ಎಂದ ಆನಂದನನ್ನು ಬುದ್ಧರು ತಿದ್ದಿದರು, ಅರ್ಧವಲ್ಲ, ಪೂರ್ತಿ ಎಂದರು. ಓದಿಗೆ ಒಬ್ಬ ಜೊತೆಗಾರ, ವಾಕಿಂಗಿಗೆ ಒಬ್ಬರು, ವಂದನೆಗೆ ಕರೆಯಲು ಬರುವ ಒಬ್ಬ ಅಕ್ಕ, ಇಷ್ಟಿದ್ದರೆ ಮನಸ್ಸಿಲ್ಲದ ದಿನವೂ ಕಾಲು ನಡೆಯುತ್ತದೆ. ನಾನು ಆರು ತಿಂಗಳ ನಂತರ ವಂದನೆಗೆ ಬಂದದ್ದು ನನ್ನ ಸಂಕಲ್ಪದಿಂದ ಅಲ್ಲ. ಬಳಗದ ಹಿರಿಯರೊಬ್ಬರು ಬೆಳಗ್ಗೆ ಮನೆಗೆ ಬಂದು, "ಏನೂ ಮಾತಾಡ್ಬೇಡಪ್ಪ, ಗಾಡಿ ಹತ್ತು" ಎಂದರು. ಹತ್ತಿದೆ, ಅಷ್ಟೇ.

ಸಮ್ಮಾ ವಾಯಾಮದಲ್ಲಿ ನಾಲ್ಕು ಪ್ರಯತ್ನಗಳಿವೆ ಎಂದು ಕಲಿತಿದ್ದೇವೆ: ಕೆಟ್ಟದ್ದು ಬರದಂತೆ ತಡೆಯುವುದು, ಬಂದದ್ದನ್ನು ಬಿಡುವುದು, ಒಳ್ಳೆಯದನ್ನು ಬೆಳೆಸುವುದು, ಬೆಳೆದದ್ದನ್ನು ಉಳಿಸಿಕೊಳ್ಳುವುದು. ನಾಲ್ಕನೆಯದನ್ನು ನಾವು ಮರೆತುಬಿಡುತ್ತೇವೆ. ಹೊಸದೇನೂ ಮಾಡಲಾಗದ ದಿನ ಇದ್ದದ್ದನ್ನು ಉಳಿಸಿಕೊಂಡರೆ, ಕುಡಿಯದೆ, ಬೈಯದೆ, ಸುಳ್ಳು ಹೇಳದೆ ಪಂಚಶೀಲವನ್ನು ಕಾಪಾಡಿಕೊಂಡು ದಿನ ಕಳೆದರೆ, ಅದೂ ಪ್ರಯತ್ನವೇ.

*6. ಬಾಬಾಸಾಹೇಬರ ಎರಡು ವರ್ಷಗಳು*

'ಬಾಬಾಸಾಹೇಬರು ಹಗಲು ರಾತ್ರಿ ಓದುತ್ತಿದ್ದರು, ನೀನು ಇಷ್ಟೂ ಮಾಡಲ್ಲ' ಎಂದು ಮಕ್ಕಳನ್ನು ಬೈಯುವುದನ್ನು ಕೇಳಿದ್ದೇನೆ. ಬಾಬಾಸಾಹೇಬರನ್ನು ಕೋಲು ಮಾಡಿಕೊಳ್ಳುವುದು ಬೇಡ. ಅವರ ಬದುಕಿನಲ್ಲೂ ಎಲ್ಲ ನಿಂತುಹೋದ ಕಾಲಗಳಿದ್ದವು.

1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ಅವರ ಪುಸ್ತಕಗಳಿದ್ದ ಹಡಗು ಯುದ್ಧದ ಟಾರ್ಪಿಡೊ ದಾಳಿಗೆ ಮುಳುಗಿತು. ಬರೋಡದಲ್ಲಿ ಕೆಲಸಕ್ಕೆ ಹೋದರೆ ಇರಲು ಮನೆ ಸಿಗಲಿಲ್ಲ. ಬಾಂಬೆಗೆ ಮರಳಿ ಕಾಲೇಜಿನಲ್ಲಿ ಪಾಠ ಹೇಳಿ, ಹಣ ಕೂಡಿಟ್ಟು, 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಡಿ.ಎಸ್ಸಿ. ಪದವಿ ಸಿಕ್ಕಿದ್ದು 1923ರಲ್ಲಿ. ಒಂದು ಓದು ನಿಂತು ಮುಗಿಯಲು ಆರು ವರ್ಷ. ಎರಡು ಸಲ ಪರೀಕ್ಷೆ ತಪ್ಪಿದ ತಮ್ಮಂದಿರು, ತಂಗಿಯರು ಈ ಆರು ವರ್ಷವನ್ನು ನೆನಪಿಡಿ.

1926ರ ಜುಲೈನಲ್ಲಿ ಮಗ ರಾಜರತ್ನ ತೀರಿಕೊಂಡ. ಬಾಬಾಸಾಹೇಬರೂ ರಮಾಯಿಯೂ ಕಳೆದುಕೊಂಡ ನಾಲ್ಕನೆಯ ಮಗು ಅದು. ಮುಂದಿನ ತಿಂಗಳು ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಬಾಬಾಸಾಹೇಬರು ತಾವಿಬ್ಬರೂ ಆ ಪೆಟ್ಟಿನಿಂದ ಚೇತರಿಸಿಕೊಂಡಿಲ್ಲ, ಬದುಕಿನ ಸಾರವೇ ಹೋಯಿತು ಎಂಬ ಅರ್ಥದಲ್ಲಿ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಆ ಪತ್ರವಾಗಿ ಎಂಟು ತಿಂಗಳಿಗೆ ಇನ್ನೂ ದಿನಗಳು ಬಾಕಿ ಇರುವಾಗಲೇ, 1927ರ ಮಾರ್ಚ್ 20ರಂದು, ಅವರು ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡರು.

ದುಃಖ ಮುಗಿದ ಮೇಲೆ ಅವರು ಮಹಾಡಕ್ಕೆ ಹೋದರು ಎಂದು ನನಗನ್ನಿಸುವುದಿಲ್ಲ. ದುಃಖ ಇದ್ದಂತೆಯೇ ಹೋಗಿರಬೇಕು. ಒಬ್ಬರೇ ಹೋಗಲಿಲ್ಲ ಎಂಬುದೂ ಮುಖ್ಯ, ಸಾವಿರಾರು ಜನ ಜೊತೆಯಲ್ಲಿ ನಡೆದರು. ಅದಕ್ಕೂ ಮೊದಲು, ನೋವನ್ನು ಒಬ್ಬ ಗೆಳೆಯನಿಗೆ ಬರೆದು ಹೇಳಿಕೊಂಡಿದ್ದರು. ನಮ್ಮ ತಮ್ಮ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದನಲ್ಲ, ಅದೇ ಅವನ ಮೊದಲ ಹೆಜ್ಜೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಅಷ್ಟಾಂಗ ಮಾರ್ಗವೂ ಇದೆ, ಹತ್ತು ಪಾರಮಿತೆಗಳೂ ಇವೆ. ಮೊದಲನೆಯದರೊಳಗೆ ಸಮ್ಮಾ ವಾಯಾಮ, ಎರಡನೆಯದರೊಳಗೆ ವಿರಿಯ. ಅಂದರೆ ಪ್ರಯತ್ನ ಎರಡು ಸಲ ಬಂತು. ಮೊದಲ ಸಲ ತಪ್ಪಿದವರು ಎರಡನೆಯ ಸಲ ಶುರು ಮಾಡಬಹುದು ಎಂದು ನಾನು ನಗುತ್ತಾ ಹೇಳುತ್ತಿರುತ್ತೇನೆ.

*7. ಇದು ಕಾಯಿಲೆ ಆಗಿದ್ದರೆ*

ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಅಥವಾ ಊಟ ಕೆಟ್ಟಿದೆ, ತಾನು ಯಾರಿಗೂ ಬೇಡ ಅನ್ನಿಸುತ್ತಿದೆ, ಸಾಯುವ ಯೋಚನೆ ಬರುತ್ತಿದೆ ಎಂದಾದರೆ ಅದು ಖಿನ್ನತೆ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ಧ್ಯಾನ ಒಂದನ್ನೇ ನಂಬಿ ಕೂರಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ *14416* ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ಹೊತ್ತಿಗೇ ಕರೆ ಮಾಡಿ, ಹತ್ತಿರದವರನ್ನು ಎಬ್ಬಿಸಿ. ಗುಳಿಗೆ ತೆಗೆದುಕೊಂಡರೆ ಶ್ರದ್ಧೆ ಕಡಿಮೆ ಎಂದೇನೂ ಅಲ್ಲ. ಅದೂ ಸೋಣನ ಚಪ್ಪಲಿಯೇ.

*ಇಂದಿನ ಅಭ್ಯಾಸ*

✅ ಬೆಳಗ್ಗೆ ತಿಸರಣ, ಪಂಚಶೀಲದ ನಂತರ ಒಂದು ನಿಮಿಷ ಕೇಳಿಕೊಳ್ಳಿ: ನನ್ನ ತಂತಿ ಇಂದು ಬಿಗಿಯೋ, ಸಡಿಲವೋ? ಬಿಗಿಯಾಗಿದ್ದರೆ ಒಂದು ಕೆಲಸ ಬಿಡಿ. ಸಡಿಲವಾಗಿದ್ದರೆ ಒಂದು ಚಿಕ್ಕ ಕೆಲಸ ಹಿಡಿಯಿರಿ.

✅ ಆ ಚಿಕ್ಕ ಕೆಲಸ ಯಾವುದು, ಎಷ್ಟು ಗಂಟೆಗೆ, ಎಲ್ಲಿ ಎಂದು ಒಂದು ಚೀಟಿಯಲ್ಲಿ ಬರೆಯಿರಿ.

✅ ನಿಮ್ಮ 'ಚಪ್ಪಲಿ' ಯಾವುದು ಎಂದು ಯೋಚಿಸಿ: ನಿದ್ದೆಯೋ, ರಕ್ತ ಪರೀಕ್ಷೆಯೋ, ಮನೆ ಕೆಲಸದಲ್ಲಿ ಪಾಲೋ, ಒಂದು ದೂರು ಅರ್ಜಿಯೋ?

✅ ಕೆಲವು ದಿನಗಳಿಂದ ಗ್ರೂಪಿನಲ್ಲಿ ಕಾಣದ ಒಬ್ಬರಿಗೆ ಇಂದು ಫೋನ್ ಮಾಡಿ. 'ಯಾಕೆ ಬರ್ತಿಲ್ಲ' ಎಂದು ಕೇಳಬೇಡಿ. 'ಊಟ ಆಯ್ತಾ' ಎಂದು ಕೇಳಿ.

*ಭಾನುವಾರದ ಚರ್ಚೆಗೆ:* ನಮ್ಮ ಮನೆಯಲ್ಲಿ ಯಾರನ್ನಾದರೂ ನಾವು ಸೋಮಾರಿ ಎಂದು ಕರೆಯುತ್ತಿದ್ದೇವೆಯೇ? ಅವರ ಪಾದವನ್ನು ಎಂದಾದರೂ ನೋಡಿದ್ದೇವೆಯೇ?

ಕೊನೆಗೆ ನಮ್ಮ ತಮ್ಮನ ವಿಷಯ. ಅವನಿಗೆ ನಾನು ಅಂದು ರಾತ್ರಿ ಉದ್ದ ಉತ್ತರ ಬರೆಯಲಿಲ್ಲ. "ನಾಳೆ ಓದಬೇಡ. ಅಪ್ಪ ಹೊರಡುವಾಗ ಎದ್ದು, ಬೀದಿ ಕೊನೆಯ ಟೀ ಅಂಗಡಿವರೆಗೆ ಜೊತೆಗೆ ಹೋಗು. ಟೀ ಕುಡಿದು ಬಾ, ಸಾಕು" ಎಂದೆ. ಮೊದಲ ದಿನ ಹೋದ. ಬಂದು ಮಲಗಿದ. ಮೂರನೇ ದಿನ ಬಂದವನು ಒಂದು ಪುಟ ಓದಿದ. ಮೊದಲ ವಾರದಲ್ಲಿ ಎರಡು ದಿನ ಏಳಲೇ ಇಲ್ಲ, ಅದನ್ನೂ ಪ್ರಾಮಾಣಿಕವಾಗಿ ಹೇಳಿದ. ಈಗ ಒಬ್ಬ ಗೆಳೆಯನ ಜೊತೆ ಲೈಬ್ರರಿಗೆ ಹೋಗಿ ದಿನಕ್ಕೆ ಮೂರು ಗಂಟೆ ಓದುತ್ತಿದ್ದಾನೆ. ಪರೀಕ್ಷೆ ಏನಾಗುತ್ತದೋ ಗೊತ್ತಿಲ್ಲ.

ಮೊನ್ನೆ ಮೆಸೇಜ್ ಹಾಕಿದ್ದ: "ಅಣ್ಣಾ, ಟೀ ಕುಡೀತಾ ಅಪ್ಪ ಏನೂ ಕೇಳಲ್ಲ. ಓದಿದ್ಯಾ ಅಂತಾನೂ ಕೇಳಲ್ಲ. ಇವತ್ತು ಅವರ ಬಿಸ್ಕೆಟ್‌ನಲ್ಲಿ ಅರ್ಧ ನನಗೆ ಕೊಟ್ರು."

ಇಂದು ನಿಮಗೂ ಮನಸ್ಸು ಏಳದಿದ್ದರೆ ಪರವಾಗಿಲ್ಲ. ಟೀ ಅಂಗಡಿವರೆಗೆ ನಡೆಯಿರಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು. 🙏

ನಮೋ ಬುದ್ಧಾಯ. ಜೈಭೀಮ್. 💙

_(ಬೇಕಾದವರಿಗೆ ತಲುಪಿಸಿ. ಅವರಿಗೆ ಕಳಿಸಿ ಸುಮ್ಮನಾಗಬೇಡಿ, ಒಂದು ಫೋನ್ ಕೂಡ ಮಾಡಿ.)_